ಕೇಳ್ರಿ, ಹೇಳ್ತೀನಿ: ರಿಸೆಪ್ಶನಿಸ್ಟ್ ಕೆಲಸಕ್ಕ ಹೋಗೋರು ಕೇಳಿದ್ದು

ಈ ಸಲ ಬಂದ ಪತ್ರ, ಮೇಲ್, ವಾಟ್ಸಾಪ್ ಎಲ್ಲಾ ಬಿಚ್ಚಿ ನೋಡಿದ್ರ ಭಾಳ ಮಂದಿ ಒಂದೇ ಕೆಲಸದ ಬಗ್ಗೆ ಕೇಳ್ಯಾರ್ರಿ, ರಿಸೆಪ್ಶನಿಸ್ಟ್. ಡಿಗ್ರಿ ರಿಸಲ್ಟ್ ಬಂದ ಮ್ಯಾಲ ವರ್ಷಾ ಹಿಂಗೇ ಆಗ್ತದ. ನಾನು ಕಲಬುರಗಿಯೊಳಗ ದವಾಖಾನಿ ಕೌಂಟರಿನಾಗ ಕುಂತು ಕೆಲಸ ಮಾಡಿದಾಕಿ, ಆಮ್ಯಾಲ ಹೊಸದಾಗಿ ಬರೋ ಹುಡುಗ ಹುಡುಗಿಯರಿಗಿ ಅದೇ ಕೆಲಸ ಕಲ್ಸಿದಾಕಿ, ಹಿಂಗಾಗಿ ಎಡಿಟರ್ ಸಾಹೇಬ್ರು ಎಲ್ಲಾ ಪತ್ರ ನನ್ನ ಕಡಿ ನೂಕಿಬಿಟ್ಟಾರ. ಕೇಳಿದವರ ಹೆಸರು ತಗದೀನಿ, ಊರು ಅಷ್ಟೇ ಬಿಟ್ಟೀನಿ.

ಆಳಂದ ತಾಲೂಕಿನ ಓದುಗಿ: ಅಕ್ಕಾ, ನಂದು ಬಿಎ ಮುಗ್ದದ, ಪೂರಾ ಕನ್ನಡ ಮೀಡಿಯಂ. ಸೇಡಂ ರೋಡಿನಾಗ ಒಂದು ಖಾಸಗಿ ದವಾಖಾನಿಗಿ ರಿಸೆಪ್ಶನಿಸ್ಟ್ ಬೇಕು ಅಂತ ಬೋರ್ಡ್ ಹಚ್ಯಾರ, ಕೆಳಗ ಇಂಗ್ಲಿಷ್ ಬರಬೇಕು ಅಂತನೂ ಬರದಾರ. ನನಗ ಓದ್ಲಕ್ ಬರ್ತದ, ಮಾತಾಡ್ಲಕ್ ಬರಲ್ಲ. ಹೋಗ್ಲೋ ಬ್ಯಾಡೋ?

ಹೋಗು ತಂಗಿ, ನಾಳೆನೇ ಹೋಗು. ಆ ಬೋರ್ಡಿನ ಮ್ಯಾಲ ಇಂಗ್ಲಿಷ್ ಅಂತ ಎಲ್ಲಾರೂ ಬರೀತಾರ, ಬರಿಲಿಲ್ಲಂದ್ರ ತಮ್ಮ ದವಾಖಾನಿ ಸಣ್ಣದು ಅನಿಸ್ತದ ಅಂತ ಅವರಿಗಿ ಅಂಜಿಕಿ. ಆ ಕೌಂಟರಿನ ಮುಂದ ನಿಲ್ಲೋರು ಯಾರು ಅಂತ ಒಂದ್ ಮುಂಜಾನಿ ಹೋಗಿ ನೋಡು. ಅಫಜಲಪುರ, ಜೇವರ್ಗಿ, ಶಹಾಪುರ, ಸುರಪುರದ ಕಡಿಯೋರು ಬಂದಿರ್ತಾರ, ಅವರು ನಮ್ಮ ಕನ್ನಡ ಮಾತಾಡ್ತಾರ. ದರ್ಗಾ ಕಡಿ ಓಣಿಯೋರು ಉರ್ದು, ಗುರುಮಠಕಲ್ ನಾರಾಯಣಪೇಟ ಕಡಿಯೋರು ತೆಲುಗು, ನಿಮ್ಮ ಆಳಂದ ದಾಟಿ ಅಕ್ಕಲಕೋಟ ಕಡಿಲಿಂದ ಬಂದೋರು ಮರಾಠಿ. ಅದರಾಗ ಇಂಗ್ಲಿಷ್ ಮಾತಾಡೋ ಪೇಶಂಟ್ ಎಷ್ಟ್ ಮಂದಿ ಸಿಗ್ತಾರ ನೀನೇ ಲೆಕ್ಕಾ ಹಾಕು. ನಿನಗ ಮನಿಯೊಳಗ ಕನ್ನಡ, ಓಣಿಯೊಳಗ ಹಿಂದಿ, ಬಾರ್ಡರ್ ಊರು ಅಂದಮ್ಯಾಲ ಒಂದೀಟು ಮರಾಠಿನೂ ಬರ್ತಿರ್ಬೇಕು. ಬೆಂಗಳೂರಿಲಿಂದ ಚೊಲೊ ಇಂಗ್ಲಿಷ್ ಮಾತಾಡೋ ಹುಡುಗಿನ್ನ ತಂದು ಇಲ್ಲಿ ಕುಂದರ್ಸಿದ್ರ ಮಧ್ಯಾಹ್ನದೊಳಗ ಲೈನ್ ಬಾಗಿಲ್ ತನಕ ಬರ್ತದ. ಇಂಟರ್ವ್ಯೂದಾಗ ಇದನ್ನೇ ಮೊದಲು ಹೇಳು, ನನಗ ಇಷ್ಟು ಭಾಷಾ ಬರ್ತಾವ ಅಂತ, ಅದು ನಿನ್ನ ಬಂಡವಾಳ.

ಇಂಗ್ಲಿಷ್ ಬ್ಯಾಡೇ ಬ್ಯಾಡ ಅನ್ನಂಗಿಲ್ಲ. ಫೋನಿನಾಗ ಇನ್ಶೂರೆನ್ಸ್ ಕಂಪನಿಯೋರು, ಮೆಡಿಕಲ್ ರೆಪ್‌ಗಳು, ಹೊರಗಿನ ಡಾಕ್ಟರ್ ಮಾತಾಡ್ತಾರ, ಅವರಿಗಿ ಹೇಳೋ ಮಾತು ದಿನಾ ಅವೇ ಇರ್ತಾವ. ಡಾಕ್ಟರ್ ಈಸ್ ಇನ್ ಓಟಿ, ಪ್ಲೀಸ್ ಹೋಲ್ಡ್ ದ ಲೈನ್, ಮೇ ಐ ಹ್ಯಾವ್ ಯುವರ್ ನಂಬರ್, ಐ ವಿಲ್ ಕಾಲ್ ಯು ಬ್ಯಾಕ್, ಇಂಥಾವ ಮೂವತ್ತು ನಲ್ವತ್ತು ವಾಕ್ಯ ಒಂದು ವಹಿಯೊಳಗ ಬರ್ಕೊಂಡು ಗಟ್ಟಿಯಾಗಿ ಓದು, ಮನಿಯೋರು ನಗ್ತಾರ, ನಗ್ಲಿ. ಆಮ್ಯಾಲ ಓಪಿಡಿ, ಐಪಿಡಿ, ಕ್ಯಾಶುಯಲ್ಟಿ, ಡಿಸ್ಚಾರ್ಜ್ ಸಮರಿ, ರೆಫರಲ್, ಅಡ್ವಾನ್ಸ್, ಫಾಲೋಅಪ್ ಈ ಶಬ್ದ ಮೊದಲ ವಾರದಾಗೇ ಬಾಯಿಗಿ ಬರ್ತಾವ.

ಖರೆ ಕಷ್ಟ ಇರೋದು ಇಂಗ್ಲಿಷಿನಾಗ ಅಲ್ಲ, ಹೆಸರು ಬರಿಯೋದ್ರಾಗ. ನಮ್ಮ ಕಡಿ ಶರಣಬಸವೇಶ್ವರನ ಹೆಸರು ಇಟ್ಕೊಂಡೋರು ಎಷ್ಟ್ ಮಂದಿ, ಬಂದೇನವಾಜರ ಹೆಸರಿಲಿಂದ ಖಾಜಾ ಅಂತ ಇಟ್ಕೊಂಡೋರು ಎಷ್ಟ್ ಮಂದಿ! ಒಂದೇ ಲೈನಿನಾಗ ಮೂರು ಶರಣಬಸಪ್ಪ ನಿಂತಿರ್ತಾರ, ಶರಣಪ್ಪ ಅಂತ ಕೂಗಿದ್ರ ಐದು ಮಂದಿ ಎದ್ದು ಬರ್ತಾರ. ಹಿಂಗಾಗಿ ಹೆಸರು, ತಂದಿ ಹೆಸರು, ಊರು, ಫೋನ್ ನಂಬರ್, ನಾಕೂ ಕೇಳಿ ಬರಿಬೇಕು, ಆಧಾರ್ ಕಾರ್ಡಿನಾಗ ಹೆಂಗ ಅದ ಹಂಗೇ ಬರಿಬೇಕು. ಒಬ್ಬರ ರಿಪೋರ್ಟ್ ಇನ್ನೊಬ್ಬರ ಫೈಲಿಗಿ ಹೋದ್ರ ಏನಾಗ್ತದ ಅಂತ ನಾ ಬಿಡಿಸಿ ಹೇಳೋದು ಬ್ಯಾಡ. ಕಾರ್ಡಿನಾಗ ಒಂದು ಹೆಸರು ಫೈಲಿನಾಗ ಇನ್ನೊಂದು ಹೆಸರು ಇದ್ರ ಆಯುಷ್ಮಾನ್ ಕೇಸಿನ ರೊಕ್ಕನೂ ತಟ್ಟಂತ ನಿಲ್ತದ. ಫೋನ್ ನಂಬರ್ ಬರ್ಕೊಂಡ ಮ್ಯಾಲ ತಿರುಗಿ ಓದಿ ಹೇಳು, ಯಾಕಂದ್ರ ಹಿಂದಿಯೊಳಗ ನಂಬರ್ ಹೇಳೋರು ಉನ್ಯಾಸಿ ಅಂದ್ರ 79, ನವಾಸಿ ಅಂದ್ರ 89, ಕನ್ನಡ ಸಾಲಿಯೊಳಗ ಕಲ್ತೋರಿಗಿ ಇಲ್ಲೇ ತಲಿ ತಿರುಗ್ತದ.

ಆಯುಷ್ಮಾನ್ ಅಂತ ಬಂತಲ್ಲ, ಅದನ್ನೂ ಹೋಗೋ ಮುಂಚೆನೇ ತಿಳ್ಕೊಂಡು ಹೋಗು, ಕೌಂಟರಿನಾಗ ದಿನಾ ಕೇಳೋ ಪ್ರಶ್ನೆ ಅದೇ. ನಮ್ಮ ರಾಜ್ಯದಾಗ ಅದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರಿ ಚಿಕಿತ್ಸಾ ಯೋಜನಾ, 2018 ರಿಂದ ನಡದದ. ಬಿಪಿಎಲ್ ಕಾರ್ಡಿನೋರಿಗಿ ಒಂದು ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ, ಎಪಿಎಲ್‌ನೋರಿಗಿ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ರೇಟಿನ 30 ಪರ್ಸೆಂಟ್, ವರ್ಷಕ್ಕ 1.5 ಲಕ್ಷದ ತನಕ. ಖಾಸಗಿ ದವಾಖಾನಿಯೊಳಗ ದೊಡ್ಡ ಚಿಕಿತ್ಸಾ ಮಾಡಿಸ್ಬೇಕಂದ್ರ ಮೊದಲು ಸರ್ಕಾರಿ ದವಾಖಾನಿ ರೆಫರಲ್ ಪತ್ರ ಬೇಕು, ಎಮರ್ಜೆನ್ಸಿ ಇದ್ರ ಬ್ಯಾಡ. ಆ ದವಾಖಾನಿ ಸ್ಕೀಮಿನಾಗ ಅದನೋ ಇಲ್ಲೋ ಅನ್ನೋದೂ ನೋಡ್ಬೇಕು. ಜಿಮ್ಸ್ ಸರ್ಕಾರಿ ದವಾಖಾನಿಗಿ ಹೋಗಿ ಪತ್ರ ತರ್ರಿ ಅಂತ ಬಾಯಿಲಿಂದ ಹೇಳಿ ಕಳಿಸಿದ್ರ ಅವರು ಮತ್ತ ತಿರುಗಿ ಬಂದು ಯಾವ ರೂಮ್, ಯಾರಿಗಿ ಕೇಳ್ಬೇಕು ಅಂತಾರ, ಒಂದು ಚೀಟಿ ಮ್ಯಾಲ ಏನೇನು ತೊಗೊಂಡ್ ಹೋಗ್ಬೇಕು ಅಂತ ಬರದು ಕೊಟ್ಟುಬಿಡು. ಇಂಥಾ ಹುಡುಗಿನ್ನ ಯಾವ ದವಾಖಾನಿಯೋರೂ ಬಿಡಂಗಿಲ್ಲ.

ಬೀದರಿನ ಓದುಗ: ನಂದು ಬಿಕಾಂ ಆಗ್ಯದ್ರಿ. ಹೋಟೆಲ್ ಫ್ರಂಟ್ ಆಫೀಸಿನಾಗ ಕೆಲಸ ಸಿಗಲತ್ತದ, ಆದ್ರ ದೋಸ್ತರು ಅದು ಹುಡುಗಿಯರ ಕೆಲಸ ಅಂತ ಚಾಷ್ಟಿ ಮಾಡ್ಲತ್ತಾರ. ಇದ್ರಾಗ ಮುಂದ ಬರ್ಲಕ್ ಆಗ್ತದೇನು?

ತಮ್ಮಾ, ನಿನ್ನ ದೋಸ್ತರು ರಾತ್ರಿ ಎರಡಕ್ಕ ಯಾವುದಾದ್ರೂ ಲಾಡ್ಜಿಗಿ ಹೋಗಿ ನೋಡ್ಲಿ, ಕೌಂಟರಿನಾಗ ಕುಂತಾತ ಗಂಡ್ಹುಡುಗನೇ ಇರ್ತಾನ. ಹೋಟೆಲ್ ಕೆಲಸಕ್ಕ ಗಂಡು ಹೆಣ್ಣು ಇಲ್ಲ, ನಿದ್ದಿ ಕಟ್ಟಿಕೊಂಡು ಲೆಕ್ಕಾ ತಪ್ಪದಂಗ ಇರೋ ತಾಕತ್ತು ಬೇಕು ಅಷ್ಟೇ. ನೀ ಬಿಕಾಂ ಅಂದಿ, ಚೊಲೊ ಆತು. ರಾತ್ರಿ ಶಿಫ್ಟಿನಾಗ ಇವತ್ತಿನ ರೂಮ್ ಬಾಡಿಗಿ, ಊಟದ ಬಿಲ್, ಕ್ಯಾಶ್, ಯುಪಿಐ, ಕಾರ್ಡ್, ಆನ್‌ಲೈನ್ ಬುಕಿಂಗಿನೋರ ಬಾಕಿ ಎಲ್ಲಾ ಕೂಡಿಸಿ ದಿನದ ಲೆಕ್ಕಾ ಮುಚ್ತಾರ, ನೈಟ್ ಆಡಿಟ್ ಅಂತಾರ ಅದಕ್ಕ. ಹೊಸ ಹುಡುಗರು ಇದ್ರಿಂದ ಓಡಿ ಹೋಗ್ತಾರ. ನೀ ಇದನ್ನೇ ಹಿಡ್ಕೊ, ಎರಡು ವರ್ಷದಾಗ ಅಕೌಂಟ್ಸೂ ಗೊತ್ತು ಕೌಂಟರೂ ಗೊತ್ತು ಅನ್ನೋ ಮನಷ್ಯಾ ಆಗ್ತಿ. ರೂಮ್ ಬಾಡಿಗಿ ದಿನಕ್ಕ 7,500 ರೂಪಾಯಿ ತನಕ ಇದ್ರ 2025 ಸೆಪ್ಟೆಂಬರ್ 22 ರಿಂದ ಜಿಎಸ್‌ಟಿ 5 ಪರ್ಸೆಂಟ್ ಆಗ್ಯದ, ಅದರ ಮ್ಯಾಲ ಹೋದ್ರ 18. ಬಿಲ್ ನೋಡಿ ಗಿರಾಕಿ ಯಾಕ್ರಿ ಇಷ್ಟು ಅಂದ್ರ ಉತ್ರ ಬರ್ಬೇಕಲ್ಲ.

ಬೀದರಿನ ಕೌಂಟರ್ ಅಂದ್ರ ಬ್ಯಾರೇನೇ. ಗುರುನಾನಕ್ ಝಿರಾಕ್ಕ ಪಂಜಾಬಿಲಿಂದ ಬರೋರು, ಕ್ವಾಟಿ ಮತ್ತ ಅಷ್ಟೂರಿನ ಗೋರಿ ನೋಡ್ಲಕ್ ಹೈದರಾಬಾದಿಲಿಂದ ಬರೋರು, ಏರ್‌ಫೋರ್ಸ್ ಸ್ಟೇಷನ್ ಕೆಲಸಕ್ಕ ಬರೋರು. ಗುರುನಾನಕ್ ಜಯಂತಿ ಹೊತ್ತಿನಾಗ ರೂಮ್ ಸಿಗಂಗಿಲ್ಲ, ಆವಾಗ ಒಂದೇ ರೂಮ್ ಇಬ್ಬರಿಗಿ ಬುಕ್ ಆಗಿಬಿಟ್ರ ಬೈಸ್ಕೊಳ್ಳೋದು ನೀನೇ, ಮಾಲಕ ಫೋನ್ ಎತ್ತಂಗಿಲ್ಲ. ಒಂದು ಮಾತು ನೆನಪಿಟ್ಕೊ. ವಿದೇಶಿ ಪಾಸ್‌ಪೋರ್ಟ್ ಇದ್ದೋರು ಬಂದು ಇಳಿದ್ರ 24 ತಾಸಿನೊಳಗ ಅವರ ಮಾಹಿತಿಯ ಫಾರ್ಮ್ (ಮೊದಲು ಸಿ ಫಾರ್ಮ್ ಅಂತಿದ್ರು) ಆನ್‌ಲೈನಿನಾಗ ತುಂಬಿ ಕಳಿಸ್ಬೇಕು, ಲಾಡ್ಜ್, ಗೆಸ್ಟ್ ಹೌಸ್, ಧರ್ಮಶಾಲಾ ಯಾವುದೇ ಇರ್ಲಿ. ಝಿರಾಕ್ಕ ಬಂದ ಸರ್ದಾರಜಿ ಪಂಜಾಬಿ ಮಾತಾಡ್ತಾರ, ಹಿಂದಿ ಮಾತಾಡ್ತಾರ, ಮುಖ ನೋಡಿದ್ರ ನಮ್ಮ ದೇಶದೋರೇ, ಆದ್ರ ಪಾಸ್‌ಪೋರ್ಟ್ ಕೆನಡಾದ್ದು ಇದ್ರ? ಮುಖ ನೋಡಿ ರಜಿಸ್ಟರ್ ಬರಿಬ್ಯಾಡ, ಕೈಯಾಗಿನ ಕಾಗದ ನೋಡಿ ಬರಿ.

ಇನ್ನೊಂದು, ಇದನ್ನ ಯಾರೂ ಕಲ್ಸಂಗಿಲ್ಲ. ಒಬ್ಬಾಕಿ ಹೆಣ್ಮಗಳು ಬಂದು ರೂಮ್ ತೊಗೊಂಡ್ರ ನಾಕ್ ಮಂದಿ ಮುಂದ 'ಮೇಡಂ ನಿಮ್ಮದು 204' ಅಂತ ಒದರಬಾರ್ದು. ಕೀ ಕವರಿನ ಮ್ಯಾಲ ಬರದು ಕೈಗಿ ಕೊಡು. ಯಾರಾದ್ರೂ ಬಂದು ಆಕಿ ಯಾವ ರೂಮಿನಾಗ ಇದ್ದಾಳ ಅಂತ ಕೇಳಿದ್ರ, ಅಣ್ಣ ಅಂದ್ರೂ ಗಂಡ ಅಂದ್ರೂ, ರೂಮಿಗಿ ಫೋನ್ ಹಚ್ಚಿ ಆಕಿನ್ನ ಕೇಳಿದ ಮ್ಯಾಲೇ ಹೇಳು.

ಮುಂದ ಬರೋದಂದ್ರ, ಬೀದರಿನಾಗ ಒಂದ್ ಹಂತದ ತನಕ ಬರ್ತಿ, ಆಮ್ಯಾಲ ಹೈದರಾಬಾದ್ ದೂರ ಇಲ್ಲ. ದೊಡ್ಡ ಹೋಟೆಲಿನೋರು ಹೋಟೆಲ್ ಮ್ಯಾನೇಜ್‌ಮೆಂಟ್ ಓದೀಯೇನು ಅಂತ ಕೇಳ್ತಾರ, ಖರೆ. ಕೆಲಸ ಮಾಡ್ಕೋತ ಒಂದು ಡಿಪ್ಲೊಮಾ ಮಾಡ್ಕೊಂಡ್ರ ಆ ಬಾಗಿಲೂ ತೆರಿತದ.

ಯಾದಗಿರಿಯ ಓದುಗರು: ನನ್ನ ತಂಗಿ ಡಿಗ್ರಿ ಮುಗ್ಸ್ಯಾಳ. ಕಲಬುರಗಿ ಶೋರೂಮೊಂದರಾಗ ರಿಸೆಪ್ಶನ್ ಕೆಲಸ ಸಿಕ್ಕದ ಅಂತಾಳ. ದಿನಾ ಬಂದು ಹೋದೋರ ಜೋಡಿ ನಕ್ಕೊಂತ ಮಾತಾಡೋ ಕೆಲಸ, ಮುಂದ ಸಂಬಂಧ ಕೂಡೋದಕ್ಕ ಕಷ್ಟ ಆಗ್ತದ ಅಂತ ಮನಿಯೊಳಗ ಹಿರಿಯರು ಬ್ಯಾಡ ಅಂತಾರ. ನಿಮ್ಮ ಅಭಿಪ್ರಾಯ?

ಅಣ್ಣಾರೆ, ಪತ್ರದಾಗ ಹಿರಿಯರು ಏನಂತಾರ ಬರದೀರಿ, ತಂಗಿ ಏನಂತಾಳ ಒಂದೇ ಸಾಲು ಬರದೀರಿ. ಆಕಿಗಿ ಕೆಲಸ ಬೇಕಾಗ್ಯದ, ವಯಸ್ಸಿಗಿ ಬಂದಾಕಿ, ಹಿಂಗಾಗಿ ತೀರ್ಮಾನ ಆಕಿದು. ನಕ್ಕು ಮಾತಾಡಿದ್ರ ಸಂಬಂಧ ಕೂಡಂಗಿಲ್ಲ ಅನ್ನೋ ಮನಿಗಿ ಕೊಡೋದಕ್ಕಿಂತ ಕೊಡದೇ ಇರೋದು ಚೊಲೊ ಅಂತ ನಾ ಅಂತೀನಿ, ಇದು ನನ್ನ ಸ್ವಂತ ಮಾತು, ಪತ್ರಿಕಾದೋರಿಗಿ ಬೈಬ್ಯಾಡ್ರಿ.

ಆದ್ರ ನಿಮ್ಮ ಚಿಂತಿಯೊಳಗ ಒಂದು ಪಾಲು ಬರೋಬ್ಬರಿ ಅದ, ಅದು ಸುರಕ್ಷತಾ. ಅದನ್ನ ಹಿಂಗ ನೋಡ್ರಿ. ಮೊದಲು ಟೈಮ್. ಎಷ್ಟಕ್ಕ ಬಿಡ್ತಾರ ಅಂತ ಕೇಳ್ರಿ, ಏಳಕ್ಕ ಬಿಡ್ತೀವಿ ಅಂದೋರು ಕ್ಯಾಶ್ ಟ್ಯಾಲಿ ಆಗೋತನಕ ಎಂಟೂವರೆ ಮಾಡ್ತಾರ, ಆಮ್ಯಾಲ ಸ್ಟ್ಯಾಂಡಿಗಿ ಬಂದ್ರ ಯಾದಗಿರಿ ಬಸ್ ಅದನೋ ಇಲ್ಲೋ. ದಿನಾ ಹೋಗಿ ಬರೋದಾದ್ರ 2023 ಜೂನ್ 11 ರಿಂದ ಶಕ್ತಿ ಯೋಜನಾ ಅದ, ಕಲ್ಯಾಣ ಕರ್ನಾಟಕ ಸಾರಿಗೆ ಸಂಸ್ಥೆಯ ಸಾದಾ ಮತ್ತ ಎಕ್ಸ್‌ಪ್ರೆಸ್ ಬಸ್ಸಿನಾಗ ಹೆಣ್ಮಕ್ಕಳಿಗಿ ಟಿಕೆಟ್ ರೊಕ್ಕಿಲ್ಲ, ಹೊಸ ಪಗಾರದಾಗ ಅದು ದೊಡ್ಡ ಉಳಿತಾಯ. ಆದ್ರ ದಿನಾ ಅಷ್ಟು ದೂರ ಓಡಾಡಿದ್ರ ಮೂರು ತಿಂಗಳದಾಗ ಹೈರಾಣ ಆಗ್ತಾಳ, ಕಲಬುರಗಿಯೊಳಗ ವರ್ಕಿಂಗ್ ವುಮೆನ್ಸ್ ಹಾಸ್ಟೆಲ್ ಅಥವಾ ಪಿಜಿ ನೋಡಿದ್ರೇ ಚೊಲೊ. ರಾತ್ರಿ ಶಿಫ್ಟ್ ಹಾಕ್ಬೇಕಂದ್ರ ಹೆಣ್ಮಗಳ ಒಪ್ಪಿಗಿ ಬೇಕು, ಹೋಗಿ ಬರೋ ಗಾಡಿ ವ್ಯವಸ್ಥಾ ಮಾಲಕರದ್ದು.

ಎರಡನೇದು, 2013 ರ ಕಾನೂನು ಅದ, ಕೆಲಸದ ಜಾಗಾದಾಗ ಹೆಣ್ಮಕ್ಕಳಿಗಿ ಲೈಂಗಿಕ ಕಿರುಕುಳ ಆಗಬಾರ್ದು ಅಂತ. 10 ಮಂದಿ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡೋ ಕಡಿ ಒಂದು ಆಂತರಿಕ ಸಮಿತಿ ಇರಲೇಬೇಕು, ಅದರ ಮುಖ್ಯಸ್ಥರು ಹೆಣ್ಮಕ್ಕಳೇ ಆಗಿರ್ಬೇಕು. 10ಕ್ಕಿಂತ ಕಮ್ಮಿ ಇದ್ರ, ಇಲ್ಲಾ ಮಾಲಕನ ಮ್ಯಾಲೇ ದೂರು ಇದ್ರ, ಜಿಲ್ಲಾದಾಗಿನ ಸ್ಥಳೀಯ ಸಮಿತಿಗಿ ಕೊಡ್ಬೇಕು. ಘಟನಾ ಆಗಿ 3 ತಿಂಗಳದೊಳಗ ಲಿಖಿತವಾಗಿ ಕೊಡ್ಬೇಕು. ಶೋರೂಮಿನಾಗ ಗಿರಾಕಿ ಅಸಂಬದ್ಧ ಮಾತಾಡಿದ್ರೂ ಇದೇ ಕಾನೂನು ಬರ್ತದ, ಬರೇ ಸ್ಟಾಫಿಗಿ ಅಷ್ಟೇ ಅಲ್ಲ. ತಂಗಿ ಕೆಲಸಕ್ಕ ಸೇರಿದ ದಿನ 'ಇಲ್ಲಿ ಸಮಿತಿಯೊಳಗ ಯಾರ್ಯಾರು ಅದಾರ್ರಿ' ಅಂತ ಕೇಳ್ಲಿ. ಉತ್ರ ಕೊಡ್ಲಕ್ ಮ್ಯಾನೇಜರ್ ತಡವರಿಸಿದ್ರ ಆ ಜಾಗಾ ಹೆಂಗದ ಅಂತ ನಿಮಗೇ ತಿಳಿತದ. ಫೋನಿನಾಗ ಎಮರ್ಜೆನ್ಸಿಯ 112 ಮತ್ತ ಹೆಣ್ಮಕ್ಕಳ ಸಹಾಯವಾಣಿ 181 ಸೇವ್ ಮಾಡ್ಸಿ ಇಡ್ರಿ.

ನೀವು ಅಣ್ಣ ಆಗಿ ಮಾಡೋ ಕೆಲಸ ಒಂದದ, ಮೊದಲ ತಿಂಗಳು ರೂಮ್ ಅಡ್ವಾನ್ಸ್ ನೀವು ಕೊಡ್ರಿ.

ಸೇಡಮ್ ಓದುಗಿ: ನನಗ 38 ವಯಸ್ಸು, ಮಕ್ಳು ಹೈಸ್ಕೂಲಿಗಿ ಬಂದಾವ. ಮದಿವಿಗಿಂತ ಮೊದಲು ಬಿಕಾಂ ಮಾಡೀನಿ, ಕೆಲಸ ಮಾಡಿದ್ದಿಲ್ಲ. ಈಗ ಯಾರು ತೊಗೊಂತಾರ?

ಅಕ್ಕಾರೆ, ಸಾಲಿಗೋಳು ತೊಗೊಂತಾವ. ಅಡ್ಮಿಶನ್ ಟೈಮಿನಾಗ ಅಪ್ಪ ಅಮ್ಮಂದಿರ ಜೋಡಿ ಮಾತಾಡ್ಲಕ್ 21ರ ಹುಡುಗಿಗಿಂತ ಮಕ್ಳನ್ನ ಸಾಕಿದಾಕಿ ಮಾತು ನಡಿತದ. ಸಾಲಿ ಬಿಡೋ ಟೈಮಿಗಿ ನೀವೂ ಮನಿಗಿ ಬರ್ತೀರಿ. ಮಕ್ಕಳ ದವಾಖಾನಿ, ಹಲ್ಲಿನ ಕ್ಲಿನಿಕ್, ಕಣ್ಣಿನ ದವಾಖಾನಿಯೋರೂ ನಿಮ್ಮಂಥೋರನ್ನ ಹುಡುಕ್ತಾರ, ಯಾಕಂದ್ರ ಹುಡುಗಿಯರು ಮದಿವಿ ಆಗಿ, ಇಲ್ಲಾ ಬ್ಯಾರೆ ಊರಿಗಿ ಹೋಗಿ ಬಿಟ್ಟುಬಿಡ್ತಾರ ಅಂತ ಅವರ ಲೆಕ್ಕಾ. ಎಕ್ಸೆಲ್ ಒಂದೀಟು ಕಲಿರಿ, ನಿಮ್ಮ ಮಗನೇ ಕಲಸ್ತಾನ. ಸೀರಿ ನಡಿತದೇನು ಅಂತ ಕೆಳಗ ಬರದೀರಿ, ನಡಿತದ್ರಿ, ಪಿನ್ ಹಚ್ಚಿ ಉಟ್ಕೊಂಡ್ರ ಆತು.

ಚಿತ್ತಾಪುರದ ಓದುಗಿ: ಕಲಬುರಗಿಯೊಳಗ ಒಂದು ಸಂಸ್ಥಾದೋರು ಮೂರು ತಿಂಗಳ ರಿಸೆಪ್ಶನಿಸ್ಟ್ ಕೋರ್ಸಿಗಿ 25,000 ಕೇಳ್ತಾರ, ಏರ್‌ಪೋರ್ಟಿನಾಗ ಕೆಲಸ ಗ್ಯಾರಂಟಿ ಅಂತಾರ. ಸೇರ್ಲೇನು?

ಬ್ಯಾಡ. ಗ್ಯಾರಂಟಿ ಅನ್ನೋ ಶಬ್ದ ಬಂದಲ್ಲೇ ಎದ್ದು ಬಾ. ನಮ್ಮ ಏರ್‌ಪೋರ್ಟ್ 2019 ನವೆಂಬರ್ 22ಕ್ಕ ಶುರು ಆತು, ದಿನಕ್ಕ ಎಷ್ಟು ವಿಮಾನ ಬರ್ತಾವ ಹೋಗ್ತಾವ ಅಂತ ಕಲಬುರಗಿ ಮಂದಿಗೆಲ್ಲಾ ಗೊತ್ತು, ವರ್ಷಾ ಬ್ಯಾಚ್ ಬ್ಯಾಚ್ ಹುಡುಗಿಯರಿಗಿ ಕೆಲಸ ಕೊಡೋವಷ್ಟು ಜಾಗಾ ಅಲ್ಲಿ ಎಲ್ಲಿಂದ ಬರ್ತದ? ಇದರ ಅಣ್ಣ ತಮ್ಮಂದಿರು ವಾಟ್ಸಾಪಿನಾಗ ತಿರುಗ್ಯಾಡ್ತಾರ, ರಜಿಸ್ಟ್ರೇಶನ್ ಫೀ, ಯೂನಿಫಾರ್ಮ್ ಫೀ, ಮೆಡಿಕಲ್ ಫೀ ಅಂತ ಒಂದೊಂದೇ ಕೇಳಿ ಆಮ್ಯಾಲ ನಂಬರ್ ಬಂದ್. ಕೆಲಸ ಕೊಡೋರು ನಿನಗ ಪಗಾರ ಕೊಡ್ಬೇಕು, ನೀ ಅವರಿಗಿ ಕೊಡೋದು ಯಾವ ಊರಿನ ನ್ಯಾಯ? ಯಾರಾದ್ರೂ ಈಗಾಗ್ಲೇ ರೊಕ್ಕ ಹಾಕಿದ್ರ ಕೂಡ್ಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ರಿ, ತಡಾ ಮಾಡಿದಷ್ಟು ರೊಕ್ಕ ವಾಪಸ್ ಬರೋದು ಕಷ್ಟ.

ಕಲಿಬೇಕಂದ್ರ ದಾರಿ ಅವ. ಐಟಿಐಯೊಳಗ ಕೋಪಾ ಅಂತ ಒಂದು ವರ್ಷದ ಕಂಪ್ಯೂಟರ್ ಟ್ರೇಡ್ ಅದ, ಫ್ರಂಟ್ ಆಫೀಸ್ ಅಸಿಸ್ಟೆಂಟ್ ಅನ್ನೋ ಟ್ರೇಡೂ ಅದ, ನಿಮ್ಮ ಹತ್ರದ ಐಟಿಐಯೊಳಗ ಯಾವುದು ನಡಿತದ ಕೇಳು. ರಾಜ್ಯ ಸರ್ಕಾರದ ಕೌಶಲ್ಯ ಯೋಜನಾದಾಗ ಬಿಟ್ಟಿ ತರಬೇತಿ ಇರ್ತಾವ. ಕೇಂದ್ರದ ಎನ್‌ಸಿಎಸ್ ಅನ್ನೋ ಕೆಲಸ ಹುಡುಕೋ ಪೋರ್ಟಲಿನಾಗ ಹೆಸರು ಹಚ್ಚಲಕ್ಕ ರೊಕ್ಕಿಲ್ಲ, ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೂ ಒಂದ್ಸಲ ಹೋಗಿ ಬಾ, ಉದ್ಯೋಗ ಮೇಳ ಯಾವಾಗದ ಅಂತ ಅಲ್ಲೇ ತಿಳಿತದ. ಉಳದದ್ದು ನುಡಿ ಅನ್ನೋ ಸಾಫ್ಟ್‌ವೇರಿನಾಗ ಕನ್ನಡ ಟೈಪಿಂಗ್, ಎಕ್ಸೆಲಿನಾಗ ಒಂದು ರಜಿಸ್ಟರ್ ಮಾಡೋದು, ಒಂದು ನೆಟ್ಟಗಿನ ಮೇಲ್ ಬರಿಯೋದು, ಇವೆಲ್ಲಾ ಮೊಬೈಲಿನಾಗ ನೋಡಿ ಕಲಿಬಹುದು. ಆ 25,000 ದಾಗ ಒಂದು ಹಳೇ ಲ್ಯಾಪ್‌ಟಾಪ್ ತೊಗೊ.

ಜೇವರ್ಗಿಯ ಓದುಗಿ: ಪಗಾರ 12,000 ಅಂದಿದ್ರು, ಕೈಗಿ 10,470 ಬಂತು. ಕೇಳಿದ್ರ 'ಕಟಿಂಗ್' ಅಂದ್ರು. ಮೋಸ ಆಗ್ಯದೇನ್ರಿ?

ಆಗಿಲ್ಲ ಅನಿಸ್ತದ, ಆದ್ರ ನೋಡಿ ಖಾತ್ರಿ ಮಾಡ್ಕೊ. 12,000ಕ್ಕ ಪಿಎಫ್ 12 ಪರ್ಸೆಂಟ್ ಅಂದ್ರ 1,440, ಇಎಸ್‌ಐ (ನೌಕರರ ಆರೋಗ್ಯ ವಿಮಾ) 0.75 ಪರ್ಸೆಂಟ್ ಅಂದ್ರ 90, ಎರಡೂ ಕೂಡಿ 1,530. ಕಳದ್ರ ಸರೀ 10,470 ಬರ್ತದ. ನಿನ್ನ ಪಾಲು ಹೋದಂಗ ಮಾಲಕರ ಪಾಲೂ ಹೋಗ್ಬೇಕು, ಪಿಎಫಿಗಿ ಅವರದ್ದೂ 12, ಇಎಸ್‌ಐಗಿ 3.25. ಪಿಎಫ್ 20 ಮಂದಿ ಇರೋ ಕಡಿ, ಇಎಸ್‌ಐ 10 ಮಂದಿ ಇರೋ ಕಡಿ, ಅದೂ ಪಗಾರ 21,000 ದೊಳಗ ಇದ್ರ, ಕಟ್ಟಲೇಬೇಕು. ವೃತ್ತಿ ತೆರಿಗಿ ಅಂತನೂ 200 ಕಟ್ ಮಾಡ್ಯಾರೇನು ನೋಡು, 25,000ಕ್ಕಿಂತ ಕಮ್ಮಿ ಪಗಾರಕ್ಕ ಅದು ಇಲ್ಲ.

ಮೋಸ ಆಗೋದು ಇನ್ನೊಂದು ಕಡಿ. ಪಗಾರದಾಗ ಹಿಡ್ಕೊಂಡು ಸರ್ಕಾರಕ್ಕ ಕಟ್ಟದೇ ಇರೋರು ಅದಾರ. ಅದಕ್ಕ ಯುಎಎನ್, ಅಂದ್ರ ನಿನ್ನ ಪಿಎಫ್ ನಂಬರ್ ಇಸ್ಕೊ, ಉಮಂಗ್ ಆ್ಯಪಿನಾಗ ಪಾಸ್‌ಬುಕ್ ತಗದು ತಿಂಗಳಿಗಿ ತಿಂಗಳಿಗಿ ಎರಡೂ ಪಾಲು ಬಿದ್ದಾವೇನು ನೋಡು. ಇಎಸ್‌ಐ ನಂಬರೂ ಕೇಳಿ ತೊಗೊ. ಆ 90 ರೂಪಾಯಿ ಸುಮ್ನೆ ಹೋಯ್ತು ಅನ್ಬ್ಯಾಡ, ಕಲಬುರಗಿಯೊಳಗ ಇಎಸ್‌ಐ ದೊಡ್ಡ ದವಾಖಾನಿ, ಮೆಡಿಕಲ್ ಕಾಲೇಜ್ ಸಹಿತ ಅದ, ನಿನಗೂ ನಿನ್ನ ಮ್ಯಾಲ ಅವಲಂಬಿತರಾದ ಮನಿಯೋರಿಗೂ ಅಲ್ಲಿ ಚಿಕಿತ್ಸಾ. ಬಾಣಂತನಕ್ಕ 26 ವಾರ ಪಗಾರನೂ ಇಎಸ್‌ಐಲಿಂದನೇ ಬರ್ತದ, ಅದಕ್ಕ ಮೊದಲು ಇಷ್ಟು ದಿನ ಕಟ್ಟಿರ್ಬೇಕು ಅಂತ ಅದ.

ಇವೆಲ್ಲಾದಕ್ಕೂ ಮೊದಲು, ನೇಮಕಾತಿ ಪತ್ರ ಕೊಟ್ಟಾರೇನು? ಅಂಗಡಿ ಮತ್ತ ವಾಣಿಜ್ಯ ಸಂಸ್ಥೆಗಳ ಕಾಯ್ದಿ ಪ್ರಕಾರ ಸೇರಿದ 30 ದಿನದೊಳಗ ಕೊಡ್ಬೇಕು, ವಾರಕ್ಕ 48 ತಾಸಿನ ಮ್ಯಾಲ ಮಾಡ್ಸಿದ್ರ ಓವರ್‌ಟೈಮ್ ಡಬಲ್ ರೇಟಿನಾಗ, ವಾರಕ್ಕ ಒಂದು ದಿನ ಸೂಟಿ. ಜಗಳಾ ಮಾಡ್ಬ್ಯಾಡ, 'ಬ್ಯಾಂಕಿನಾಗ ಲೋನಿಗಿ ಕೇಳ್ಯಾರ್ರಿ, ಪತ್ರ ಮತ್ತ ಪೇ ಸ್ಲಿಪ್ ಬೇಕು' ಅಂತ ಕೇಳು. ಈ ನೆಪಕ್ಕ ಇಲ್ಲ ಅಂದ ಮಾಲಕನ್ನ ನಾ ಇನ್ನಾ ನೋಡಿಲ್ಲ.

ಕಲಬುರಗಿಯ ಓದುಗಿ: ಸ್ಕ್ಯಾನಿಂಗ್ ಸೆಂಟರಿನಾಗ ಹೊಸದಾಗಿ ಸೇರೀನಿ. ಮಂದಿ ಲೇಟ್ ಆತಂತ ಬೈತಾರ, ಬಾತ್‌ರೂಮಿಗಿ ಹೋಗಿ ಅತ್ತು ಬರ್ತೀನಿ. ಅದ್ರಾಗ ಕೆಲವರು ಬಸುರಿ ಹೆಣ್ಮಗಳ ಜೋಡಿ ಬಂದು ಸಣ್ಣಗ 'ಏನದ ಹೇಳಿಸಿಕೊಡು' ಅಂತ ರೊಕ್ಕ ತೋರಿಸ್ತಾರ. ಬಿಟ್ಟುಬಿಡ್ಲೇನು ಕೆಲಸ?

ಬೈಯೋರದ್ದು ಮೊದಲು. ಮೇ ತಿಂಗಳ ಬಿಸ್ಲಿನಾಗ ಸುರಪುರಲಿಂದ ಬಸ್ಸಿನಾಗ ನಿಂತು ಬಂದಿರ್ತಾರ, ಹೊಟ್ಟಿ ಖಾಲಿ ಇಟ್ಕೊಂಡು ಬಾ ಅಂದಿರ್ತೀರಿ, ಇಲ್ಲಾ ನೀರು ಕುಡದು ಉಚ್ಚಿ ಹಿಡ್ಕೊಂಡು ಕುಂದ್ರು ಅಂದಿರ್ತೀರಿ, ಅದ್ರಾಗ ಡಾಕ್ಟರ್ ಬಂದಿಲ್ಲ. ಅವರ ಸಿಟ್ಟು ನಿನ್ನ ಮ್ಯಾಲ ಅಲ್ಲ, ಕಾಣೋದು ನೀನೇ ಅಂತ ನಿನ್ನ ಮ್ಯಾಲ ಬೀಳ್ತದ. ಅವರಿಗಿ 'ಐದೇ ನಿಮಿಷ' ಅಂತ ಸುಳ್ಳು ಹೇಳಬ್ಯಾಡ, ಎಲ್ಲಾ ರಿಸೆಪ್ಶನಿಸ್ಟ್‌ಗಳು ಹಾಳಾಗೋದು ಈ ಐದು ನಿಮಿಷದಾಗೇ. 'ಡಾಕ್ಟರ್ ಆಪರೇಶನಿಗಿ ಹೋಗ್ಯಾರ, ನಿಮ್ಮ ಮುಂದ ಆರು ಮಂದಿ ಅದಾರ, ಒಂದೂವರೆ ತಾಸು ಆಗ್ತದ, ನೀವು ಊಟ ಮಾಡೋದದ ಅಂದ್ರ ಕೇಳಿ ಹೇಳ್ತೀನಿ' ಅಂತ ಖರೇ ಹೇಳು. ಒಂದ್ಸಲ ಗೊಣಗ್ತಾರ, ಆಮ್ಯಾಲ ಸುಮ್ನ ಕುಂದರ್ತಾರ. ಒದರಾಡೋ ಮನಷ್ಯಾನ್ನ ನಿಂತಲ್ಲೇ ಸಮಾಧಾನ ಮಾಡ್ಲಕ್ ಹೋಗ್ಬ್ಯಾಡ, ಕುಂದ್ರಿಸಿ ನೀರು ಕೊಟ್ಟು ಮಾತಾಡು, ಕುಂತ ಮನಷ್ಯಾ ಜೋರಾಗಿ ಒದರಂಗಿಲ್ಲ. ಅಳು ಬಂದ್ರ ಅಳು, ನಾವೂ ಅತ್ತೀವಿ, ಆದ್ರ ಲೈನ್ ಹಿಡಿಯೋ ಟೋಕನ್ ವ್ಯವಸ್ಥಾ ಸರಿ ಮಾಡ್ರಿ ಅಂತ ಡಾಕ್ಟರಿಗಿ ಹೇಳೋದನ್ನ ಬಿಡಬ್ಯಾಡ. ಅರ್ಧ ಬೈಗುಳ ಟೋಕನ್ ಇಲ್ಲದ್ದಕ್ಕೇ ಬರ್ತಾವ, ಹಿಂದಿನಿಂದ ಬಂದೋರು ಮುಂದ ಹೋದ್ರು ಅಂತ.

ಎರಡನೇದು ಸಾದಾ ಮಾತಲ್ಲ, ಸರಿಯಾಗಿ ಕೇಳ್ಕೊ. 1994 ರ ಪಿಸಿಪಿಎನ್‌ಡಿಟಿ ಕಾಯ್ದಿ ಪ್ರಕಾರ ಹೊಟ್ಟಿಯೊಳಗಿನ ಕೂಸು ಗಂಡೋ ಹೆಣ್ಣೋ ಯಾರೂ ಯಾರಿಗೂ ಹೇಳಂಗಿಲ್ಲ, ಬಾಯಿಲಿಂದನೂ ಇಲ್ಲ, ಸನ್ನಿ ಮಾಡಿನೂ ಇಲ್ಲ. ಪೇಢಾ ತರ್ರಿ ಜಿಲೇಬಿ ತರ್ರಿ ಅಂತ ನಗ್ಚಾಟಕ್ಕ ಅಂದ್ರೂ ಅದು ಹೇಳಿದಂಗೇ. ಮೊದಲ ಸಲ ತಪ್ಪು ಸಾಬೀತಾದ್ರ 3 ವರ್ಷದ ತನಕ ಜೈಲು, 10,000ದ ತನಕ ದಂಡ. ಹೇಳ್ರಿ ಅಂತ ಬಂದು ಕೇಳಿದೋರಿಗೂ ಜೈಲು ಅದ, ದಂಡ 50,000ದ ತನಕ. ಬಸುರಿ ಹೆಣ್ಮಗಳ ಪ್ರತಿ ಸ್ಕ್ಯಾನಿಗೂ ಫಾರ್ಮ್ ಎಫ್ ತುಂಬಬೇಕು, ಅದನ್ನ ಬರಿಯೋದು ಹೆಚ್ಚಾಗಿ ಕೌಂಟರಿನಾಗ ಕುಂತ ನಿನ್ನಂಥಾಕಿನೇ. ಹೆಸರು, ವಿಳಾಸ, ಇರೋ ಮಕ್ಳು ಎಷ್ಟು, ಕಳಿಸಿದ ಡಾಕ್ಟರ್ ಯಾರು, ಯಾವ ಕಾರಣಕ್ಕ ಸ್ಕ್ಯಾನ್, ಒಂದು ಕಾಲಮ್ಮೂ ಖಾಲಿ ಬಿಡಬ್ಯಾಡ, ಆಮ್ಯಾಲ ತುಂಬಿದ್ರಾತು ಅಂತ ಸಹಿ ಅಷ್ಟೇ ಹಾಕಿಸ್ಕೊಂಡು ಇಡಬ್ಯಾಡ. ಈ ರೆಕಾರ್ಡ್ 2 ವರ್ಷ ಇಡ್ಬೇಕು, ಅಧಿಕಾರಿಗೋಳು ಬಂದ್ರ ಮೊದಲು ತಗಿಯೋದು ಅದನ್ನೇ.

ರೊಕ್ಕ ತೋರಿಸಿದೋರಿಗಿ ಗ್ವಾಡಿ ಮ್ಯಾಲಿನ ಬೋರ್ಡ್ ತೋರ್ಸು, ಆ ಬೋರ್ಡ್ ಕನ್ನಡದಾಗ ಇರಲೇಬೇಕು, ಇಲ್ಲಂದ್ರ ಇವತ್ತೇ ಹಾಕಿಸ್ಲಕ್ ಹೇಳು. ಸಣ್ಣಗ ಕೇಳಿದ್ದಕ್ಕ ನೀ ದೊಡ್ಡ ಧ್ವನಿಯಿಂದ ಉತ್ರ ಕೊಡು, 'ಅದು ಹೇಳಂಗಿಲ್ರಿ, ಜೈಲಿಗಿ ಹಾಕ್ತಾರ' ಅಂತ ನಾಕ್ ಮಂದಿಗಿ ಕೇಳ್ಸಂಗ, ಮತ್ತ ಆ ಕಡಿ ಸುಳಿಯಂಗಿಲ್ಲ. ಜೋಡಿ ಬಂದ ಹೆಣ್ಮಗಳಿಗಿ ಬೈಬ್ಯಾಡ, ಭಾಳ ಸಲ ಆಕಿಗಿ ಕೇಳೋ ಮನಸ್ಸು ಇರಂಗಿಲ್ಲ, ಹಿಂದ ನಿಂತ ಅತ್ತಿದೋ ಗಂಡಂದೋ ಇರ್ತದ. ಕೆಲಸ ಬಿಡೋದು ಬ್ಯಾಡ. ಆದ್ರ ಡಾಕ್ಟರೇ ಇದ್ರಾಗ ಶಾಮೀಲು ಇದ್ದಂಗ ಕಂಡ್ರ ಅವತ್ತೇ ಬಿಡು, ಪಗಾರ ಬಾಕಿ ಇದ್ರೂ ಬಿಡು, ಜಿಲ್ಲಾ ಆರೋಗ್ಯ ಅಧಿಕಾರಿ ಕಚೇರಿಗಿ ಒಂದು ದೂರು ಕೊಡು.

ಹುಮನಾಬಾದಿನ ಓದುಗ: 371ಜೆ ಸರ್ಟಿಫಿಕೇಟ್ ಇದ್ರ ಖಾಸಗಿ ಕಂಪನಿ ಫ್ರಂಟ್ ಆಫೀಸಿನಾಗೂ ಮೀಸಲಾತಿ ಸಿಗ್ತದೇನ್ರಿ?

ಇಲ್ಲ ತಮ್ಮಾ. ಅದು ನಮ್ಮ ಕಲ್ಯಾಣ ಕರ್ನಾಟಕದೋರಿಗಿ ಅಂತ ಸಂವಿಧಾನದ 2012 ರ 98ನೇ ತಿದ್ದುಪಡಿಲಿಂದ ಬಂದದ್ದು, ಸರ್ಕಾರಿ ನೌಕರಿ ಮತ್ತ ಓದಿನ ಸೀಟಿಗಿ ಅಷ್ಟೇ. ಆದ್ರೂ ಸಹಾಯಕ ಆಯುಕ್ತರ ಕಡಿಲಿಂದ ಮಾಡಿಸಿ ಇಟ್ಕೊ. ಇವತ್ತು ಫ್ರಂಟ್ ಆಫೀಸ್ ಅಂದಾತ ನಾಳೆ ಎಸ್‌ಡಿಎ, ಎಫ್‌ಡಿಎ ಕರದ್ರ ಅರ್ಜಿ ಹಾಕ್ತಿ, ಕೊನೆ ದಿನದಾಗ ಸರ್ಟಿಫಿಕೇಟಿಗಿ ಓಡಾಡಿದ್ರ ಸಿಗಂಗಿಲ್ಲ. ಮಿನಿ ವಿಧಾನಸೌಧಕ್ಕ ಹೋಗೋ ಮುಂದ ಸಾಲಿ ದಾಖಲಾತಿ, ವಾಸಸ್ಥಳದ ಕಾಗದ, ತಂದಿ ತಾಯಿದು ಏನೇನದ ಎಲ್ಲಾ ಝೆರಾಕ್ಸ್ ತೊಗೊಂಡ್ ಹೋಗು.